ಮೆಮೊರಿಯಿಂದ ಸಾಕೆಟ್‌ವರೆಗೆ: ಸಿಸ್ಟಮ್ಸ್ ಪ್ರೋಗ್ರಾಮಿಂಗ್ ಎಲ್ಲಿಂದ ಶುರು ಮಾಡುವುದು?

ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಡಿಗ್ರಿ ವಿದ್ಯಾರ್ಥಿಗಳು ನನ್ನ ಹತ್ತಿರ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಪೈಥಾನ್ ಬರ್ತದೆ, ಸಣ್ಣ ವೆಬ್‌ಸೈಟ್ ಮಾಡ್ಲಿಕ್ಕೂ ಗೊತ್ತುಂಟು. ಆದ್ರೆ ಒಳಗೆ ಎಂತ ನಡೀತದೆ ಅಂತ ಗೊತ್ತಿಲ್ಲ. ಎಲ್ಲಿಂದ ಶುರು ಮಾಡುವುದು?" ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿಡುತ್ತೇನೆ.

ಮೊದಲು ಹೆಸರಿನ ವಿಷಯ. ಕಂಪ್ಯೂಟರಿನ ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಎಲ್ಲ ಕರ್ನಲ್ ಕೈಯಲ್ಲಿರುತ್ತದೆ. ಕರ್ನಲ್ ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು. ನಿಮ್ಮ ಪ್ರೋಗ್ರಾಮ್‌ಗೆ ಅದರಿಂದ ಏನಾದರೂ ಬೇಕಾದರೆ ಕರೆದು ಕೇಳಬೇಕು. ಆ ಕರೆಗೆ ಸಿಸ್ಟಮ್ ಕಾಲ್ ಅನ್ನುತ್ತಾರೆ. ಈ ಕರೆಗಳನ್ನು ನೇರವಾಗಿ ಬಳಸಿ ಪ್ರೋಗ್ರಾಮ್ ಬರೆಯುವುದೇ ಸಿಸ್ಟಮ್ಸ್ ಪ್ರೋಗ್ರಾಮಿಂಗ್. ಡೇಟಾಬೇಸ್, ವೆಬ್ ಸರ್ವರ್, ಪೈಥಾನ್‌ನ ಇಂಟರ್‌ಪ್ರಿಟರ್ ಎಲ್ಲ ಇದೇ ಬಗೆಯವು.

ಏನೇನು ಬೇಕು?

ಲಿನಕ್ಸ್ ಇರುವ ಒಂದು ಲ್ಯಾಪ್‌ಟಾಪ್. ಹಳೆಯದಾದರೂ ಆಯಿತು, 4 ಜಿಬಿ ರ್‍ಯಾಮ್ ಧಾರಾಳ. ಇಲ್ಲಿ ಕಾಸರಗೋಡಿನವರಿಗೆ ಒಂದು ಲಾಭ ಉಂಟು. ಕೇರಳದ ಸರಕಾರಿ ಮತ್ತು ಅನುದಾನಿತ ಶಾಲೆಗಳ ಕಂಪ್ಯೂಟರ್ ಲ್ಯಾಬ್‌ನಲ್ಲಿ ಇರುವುದೇ ಕೈಟ್ ಗ್ನೂ/ಲಿನಕ್ಸ್. ಅದು ಉಬುಂಟುವಿನ ಮೇಲೆ ಕಟ್ಟಿದ್ದು. ಕನ್ನಡ ಮಾಧ್ಯಮದಲ್ಲಿ ಓದಿದ ನೀವು ಹೈಸ್ಕೂಲಿನಲ್ಲೇ ಲಿನಕ್ಸ್ ಮುಟ್ಟಿದ್ದೀರಿ, ಬೇರೆ ಎಷ್ಟೋ ಕಡೆ ಇಂಜಿನಿಯರಿಂಗ್ ಸೇರಿದ ಮೇಲೆ ಮೊದಲ ಸಲ ನೋಡುತ್ತಾರೆ. ವಿಂಡೋಸ್ ತೆಗೆಯಲು ಮನಸ್ಸಿಲ್ಲದಿದ್ದರೆ ಅದರೊಳಗೇ ಡಬ್ಲ್ಯುಎಸ್ಎಲ್ (ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಸೌಲಭ್ಯ) ಹಾಕಿಕೊಳ್ಳಿ. ಐದನೇ ಹಂತದವರೆಗೆ ಏನೂ ತೊಂದರೆಯಿಲ್ಲ.

ಭಾಷೆ ಸಿ. ಪ್ಲಸ್ ಟುವಿನಲ್ಲಿ ಸಿ ಪ್ಲಸ್ ಪ್ಲಸ್ ಕಲಿತವರಿಗೆ ಅರ್ಧ ದಾರಿ ಆಗಲೇ ಮುಗಿದಿದೆ. ಡೆನಿಸ್ ರಿಚಿ ಇದನ್ನು 1972ರ ಸುಮಾರಿಗೆ ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ಗೋಸ್ಕರವೇ ಮಾಡಿದ್ದು, 1973ರಲ್ಲಿ ಯೂನಿಕ್ಸ್‌ನ ಕರ್ನಲನ್ನೇ ಇದರಲ್ಲಿ ತಿರುಗಿ ಬರೆದರು. ಇವತ್ತಿಗೂ ಕರ್ನಲ್ ಜತೆ ಮಾತಾಡುವವರ ಭಾಷೆ ಇದೇ.

ಇನ್‌ಸ್ಟಾಲ್ ಮಾಡಬೇಕಾದ್ದು: ಬಿಲ್ಡ್-ಎಸೆನ್ಶಿಯಲ್ (ಸಿ ಕಂಪೈಲರ್ ಇತ್ಯಾದಿ), ಜಿಡಿಬಿ (ಪ್ರೋಗ್ರಾಮ್ ಎಲ್ಲಿ ಬಿತ್ತು ಅಂತ ಹುಡುಕಲು), ವ್ಯಾಲ್‌ಗ್ರೈಂಡ್ (ಮೆಮೊರಿಯ ತಪ್ಪು ಹಿಡಿಯಲು), ಎಸ್‌ಟ್ರೇಸ್ (ಸಿಸ್ಟಮ್ ಕಾಲ್‌ಗಳನ್ನು ನೋಡಲು) ಮತ್ತು ಮ್ಯಾನ್‌ಪೇಜಸ್-ಡೆವ್. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಅದಿಲ್ಲದಿದ್ದರೆ ಸಿಸ್ಟಮ್ ಕಾಲ್‌ಗಳ ಕೈಪಿಡಿಯೇ ನಿಮ್ಮ ಯಂತ್ರದಲ್ಲಿ ಇರುವುದಿಲ್ಲ. (ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ.)

ಮಂಗಳೂರಿಗೆ ಹೋಗಿ ದುಡ್ಡು ಕೊಟ್ಟು ಕೋರ್ಸ್ ಸೇರಬೇಕಾ ಅಂತ ಕೆಲವರು ಕೇಳುತ್ತಾರೆ. ಬೇಡ ಮಾರಾಯ್ರೆ. ರೈಲಿನ ಆ ಹೊತ್ತನ್ನು ಕೀಬೋರ್ಡಿಗೆ ಕೊಡಿ. ದಿನಕ್ಕೆ ಒಂದು ಗಂಟೆಯಂತೆ ಕೂತರೆ ಆರೇಳು ತಿಂಗಳಲ್ಲಿ ಈ ಎಲ್ಲ ಹಂತ ದಾಟಬಹುದು.

ಮ್ಯಾನ್ ಪೇಜ್ ಓದುವುದು ಹೇಗೆ?

ಮ್ಯಾನ್ ಪೇಜ್ ಅಂದರೆ ಯಂತ್ರದೊಳಗೇ ಇರುವ ಕೈಪಿಡಿ. ಅದರ ಇಂಗ್ಲಿಷ್ ನೋಡಿಯೇ ತುಂಬಾ ಮಂದಿ ವಾಪಸ್ ಹೋಗುತ್ತಾರೆ. ಮೇಲಿಂದ ಕೆಳಗೆ ಓದಬೇಡಿ. ಮೊದಲು ಸಿನಾಪ್ಸಿಸ್ ನೋಡಿ, ಫಂಕ್ಷನ್‌ಗೆ ಏನು ಕೊಡಬೇಕು ಅಂತ ಅಲ್ಲಿರುತ್ತದೆ. ಆಮೇಲೆ ನೇರ ರಿಟರ್ನ್ ವ್ಯಾಲ್ಯೂಗೆ ಹಾರಿ. ನಂತರ ಎರರ್ಸ್. ನಡುವಿನ ವಿವರಣೆಯನ್ನು ಬೇಕಾದಾಗ ಓದಿದರೆ ಸಾಕು.

ಇನ್ನೊಂದು ಎಡವಟ್ಟು ಇಲ್ಲೇ ಆಗುತ್ತದೆ. ಸುಮ್ನೆ "ಮ್ಯಾನ್ ಪ್ರಿಂಟ್‌ಎಫ್" ಅಂತ ಕೊಟ್ಟರೆ ಶೆಲ್‌ನ (ಟರ್ಮಿನಲ್‌ನಲ್ಲಿ ನೀವು ಕೊಟ್ಟದ್ದನ್ನು ಓಡಿಸುವ ಪ್ರೋಗ್ರಾಮ್) ಕಮಾಂಡ್ ಬಗ್ಗೆ ಬರುತ್ತದೆ, ಸಿ ಫಂಕ್ಷನ್ ಬಗ್ಗೆ ಅಲ್ಲ. ಕೈಪಿಡಿಯಲ್ಲಿ ವಿಭಾಗಗಳಿವೆ: 1 ಕಮಾಂಡ್, 2 ಸಿಸ್ಟಮ್ ಕಾಲ್, 3 ಲೈಬ್ರರಿ ಫಂಕ್ಷನ್. "ಮ್ಯಾನ್ 3 ಪ್ರಿಂಟ್‌ಎಫ್", "ಮ್ಯಾನ್ 2 ಫೋರ್ಕ್" ಅಂತ ಅಂಕೆ ಸೇರಿಸಿ.

ಇನ್ನು ಹಂತಗಳು. ಎಲ್ಲದಕ್ಕೂ ಒಂದೇ ಪ್ರಾಜೆಕ್ಟ್ ಇಟ್ಟುಕೊಳ್ಳೋಣ: ಊರಿನ ಹೆಸರು, ಅಡಿಕೆಯ ಬಗೆ (ಹೊಸ ಚಾಲಿ, ಹಳೆ ಚಾಲಿ), ಇವತ್ತಿನ ಧಾರಣೆ. ಇಷ್ಟನ್ನು ಇಟ್ಟುಕೊಂಡು ಕೇಳಿದವರಿಗೆ ಹೇಳುವ ಪ್ರೋಗ್ರಾಮ್. ಕೊನೆಯ ಹಂತಕ್ಕೆ ಬರುವಾಗ ಅದು ಮನೆಯ ವೈಫೈನಲ್ಲಿ ಓಡುವ ಸರ್ವರ್ ಆಗಬೇಕು.

ಹಂತ 1: ಬೈಟ್ ಎಣಿಸಲು ಕಲಿಯಿರಿ

ಬೈಟ್ ಅಂದರೆ ಎಂಟು ಬಿಟ್, ಮೆಮೊರಿಯ ಅತಿ ಸಣ್ಣ ವಿಳಾಸವಿರುವ ಜಾಗ. "ಅಡಿಕೆ" ಅಂತ ಒಂದು ಸ್ಟ್ರಿಂಗ್ ಬರೆದು, ಅದರ ಉದ್ದವನ್ನು ಎಸ್‌ಟಿಆರ್‌ಲೆನ್ ಫಂಕ್ಷನ್‌ನಿಂದ ಪ್ರಿಂಟ್ ಮಾಡಿ. ನಮಗೆ ಕಾಣುವುದು ಮೂರು ಅಕ್ಷರ. ಕಂಪ್ಯೂಟರ್ ಹೇಳುವುದು 15.

ಯಾಕೆ? ಯೂನಿಕೋಡ್‌ನಲ್ಲಿ ಗುಣಿತದ ಚಿಹ್ನೆಗೂ ಬೇರೆ ಸಂಕೇತ ಉಂಟು. ಅ, ಡ, ಇಕಾರ, ಕ, ಎಕಾರ, ಹೀಗೆ ಒಟ್ಟು ಐದು. ಯುಟಿಎಫ್-8ರಲ್ಲಿ (ಆ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ರೀತಿ) ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ಮಲಯಾಳಕ್ಕೂ ಅಷ್ಟೇ. ಸಿ ಭಾಷೆಯಲ್ಲಿ ಸ್ಟ್ರಿಂಗ್ ಎಲ್ಲಿ ಮುಗಿಯಿತು ಅಂತ ತಿಳಿಸಲು ಕೊನೆಗೊಂದು ಸೊನ್ನೆ ಬೈಟ್ ಬೇಕು. ಅಲ್ಲಿಗೆ "ಅಡಿಕೆ"ಗೆ 16 ಬೈಟ್ ಜಾಗ ಆಯಿತು.

ಈಗ 10 ಬೈಟಿನ ಅರೇ ಮಾಡಿ ಅದಕ್ಕೆ ಈ ಪದವನ್ನು ಎಸ್‌ಟಿಆರ್‌ಸಿಪಿವೈಯಿಂದ ಕಾಪಿ ಮಾಡಿ. ಬೇಕೆಂದೇ ಮಾಡಿ. ಉಬುಂಟುವಿನಲ್ಲಿ ಸಾಮಾನ್ಯವಾಗಿ "ಸ್ಟ್ಯಾಕ್ ಸ್ಮ್ಯಾಶಿಂಗ್ ಡಿಟೆಕ್ಟೆಡ್" ಅಂತ ಹೇಳಿ ಪ್ರೋಗ್ರಾಮ್ ನಿಲ್ಲುತ್ತದೆ. ಇದೇ ಬಫರ್ ಓವರ್‌ಫ್ಲೋ: ಕೊಟ್ಟ ಜಾಗ ಮೀರಿ ಪಕ್ಕದ ಜಾಗಕ್ಕೆ ಬರೆಯುವುದು. ಇಂಗ್ಲಿಷ್ ಉದಾಹರಣೆಗಳಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್ ಅಂತ ಹಿಡಿದಿರುತ್ತಾರೆ. ಅಲ್ಲಿಯ ಲೆಕ್ಕ ನೋಡಿ ಕನ್ನಡದ ಊರಿನ ಹೆಸರಿಗೆ ಅರೇ ಮಾಡಿದರೆ ಕೆಟ್ಟಿತು. "ಕಾಸರಗೋಡು" ಅಂತ ಇಡಲಿಕ್ಕೇ 25 ಬೈಟ್ ಬೇಕು.

ಕಂಪೈಲ್ ಮಾಡುವಾಗ ಯಾವಾಗಲೂ ಮೈನಸ್ ಜಿ ಮತ್ತು ಮೈನಸ್ ಡಬ್ಲ್ಯು ಆಲ್ ಹಾಕಿ (ಡಬ್ಲ್ಯು ಮಾತ್ರ ದೊಡ್ಡಕ್ಷರ). ಮೊದಲನೆಯದು ಜಿಡಿಬಿಗೆ ಸಾಲಿನ ನಂಬರ್ ತಿಳಿಸುತ್ತದೆ. ಎರಡನೆಯದು ಎಚ್ಚರಿಕೆಗಳನ್ನು ತೋರಿಸುತ್ತದೆ. ಎಚ್ಚರಿಕೆ ಬಂದರೂ "ರನ್ ಆಗ್ತದಲ್ವಾ" ಅಂತ ಮುಂದೆ ಹೋಗುವವರು ಎರಡನೇ ಹಂತದಲ್ಲಿ ಸಿಕ್ಕಿಬೀಳುತ್ತಾರೆ.

ಹಂತ 2: ಸ್ಟ್ಯಾಕ್, ಹೀಪ್, ಪಾಯಿಂಟರ್

ಪಾಯಿಂಟರ್ ಅಂದರೆ ಇನ್ನೊಂದು ಜಾಗದ ವಿಳಾಸ ಇಟ್ಟುಕೊಂಡ ವೇರಿಯಬಲ್. ಅಷ್ಟೇ. ಇದಕ್ಕಿಂತ ದೊಡ್ಡ ವಿವರಣೆ ಕೊಡುವವರನ್ನು ನಂಬಬೇಡಿ. ಕಾಗದದ ಮೇಲೆ ಚೌಕ ಹಾಕಿ, ಬಾಣ ಎಳೆದು ಅಭ್ಯಾಸ ಮಾಡಿ.

ಫಂಕ್ಷನ್ ಒಳಗಿನ ಸಾಮಾನ್ಯ ವೇರಿಯಬಲ್‌ಗಳು ಸ್ಟ್ಯಾಕ್‌ನಲ್ಲಿರುತ್ತವೆ. ಫಂಕ್ಷನ್ ಮುಗಿದ ಕೂಡಲೇ ಆ ಜಾಗ ನಿಮ್ಮದಲ್ಲ. ಲಿನಕ್ಸ್‌ನಲ್ಲಿ ಸ್ಟ್ಯಾಕ್‌ಗೆ ಸಾಮಾನ್ಯವಾಗಿ 8 ಎಂಬಿ ಮಿತಿ. ಹೀಪ್ ಅಂದರೆ ನೀವು ಮ್ಯಾಲಕ್ ಅಂತ ಕೇಳಿ ಪಡೆಯುವ ಜಾಗ. ನೀವೇ ಫ್ರೀ ಅಂತ ಹೇಳಿ ವಾಪಸ್ ಕೊಡುವವರೆಗೂ ಇರುತ್ತದೆ.

ಇಲ್ಲಿ ಒಂದು ಪ್ರಯೋಗ ತಪ್ಪದೆ ಮಾಡಿ. ಮ್ಯಾಲಕ್‌ನಲ್ಲಿ 15 ಬೈಟ್ ಕೇಳಿ, ಕೊನೆಯ ಸೊನ್ನೆಯನ್ನು ಮರೆತವರ ಹಾಗೆ. ಅದಕ್ಕೆ "ಅಡಿಕೆ" ಕಾಪಿ ಮಾಡಿ ಪ್ರಿಂಟ್ ಮಾಡಿ. ಏನೂ ಆಗುವುದಿಲ್ಲ! ಸರಿಯಾಗಿ ಪ್ರಿಂಟ್ ಆಗುತ್ತದೆ. 64 ಬಿಟ್ ಲಿನಕ್ಸ್‌ನ ಮ್ಯಾಲಕ್ 15 ಕೇಳಿದವರಿಗೆ ಒಳಗಿಂದ 24 ಬೈಟ್ ಕೊಟ್ಟಿರುತ್ತದೆ, ಅದಕ್ಕೆ ಬಚಾವ್. ಅದೇ ಪ್ರೋಗ್ರಾಮನ್ನು ವ್ಯಾಲ್‌ಗ್ರೈಂಡ್ ಕೆಳಗೆ ಓಡಿಸಿ. "ಇನ್‌ವ್ಯಾಲಿಡ್ ರೈಟ್" ಅಂತ ಸಾಲಿನ ನಂಬರ್ ಸಮೇತ ಹಿಡಿದು ಕೊಡುತ್ತದೆ. ಉತ್ತರ ಸರಿ ಬಂದರೆ ಪ್ರೋಗ್ರಾಮ್ ಸರಿ ಅಂತ ಪೈಥಾನ್‌ನಿಂದ ಬಂದ ಅಭ್ಯಾಸ ಇದ್ದರೆ ಇಲ್ಲಿ ಬಿಟ್ಟುಬಿಡಿ.

ಈ ಹಂತದಲ್ಲಿ ಬರುವ ತಪ್ಪುಗಳು ಹೆಚ್ಚಾಗಿ ಇವೇ: ಫ್ರೀ ಮಾಡಿದ ಜಾಗವನ್ನು ತಿರುಗಿ ಬಳಸುವುದು, ಒಂದೇ ಜಾಗವನ್ನು ಎರಡು ಸಲ ಫ್ರೀ ಮಾಡುವುದು, ಸ್ಟ್ಯಾಕ್‌ನ ವಿಳಾಸವನ್ನು ಫಂಕ್ಷನ್‌ನಿಂದ ಹೊರಗೆ ಕಳಿಸುವುದು. "ಸೆಗ್ಮೆಂಟೇಶನ್ ಫಾಲ್ಟ್" ಬಂದರೆ ಹೆದರಬೇಡಿ. ಅಪ್ಪಣೆಯಿಲ್ಲದ ವಿಳಾಸ ಮುಟ್ಟಿದ್ದಕ್ಕೆ ಕರ್ನಲ್ ನಿಮ್ಮ ಪ್ರೋಗ್ರಾಮನ್ನು ನಿಲ್ಲಿಸಿದೆ. ಜಿಡಿಬಿಯಲ್ಲಿ ಓಡಿಸಿ, ಬಿದ್ದ ಮೇಲೆ ಬಿಟಿ ಅಂತ ಎರಡಕ್ಷರ ಕೊಡಿ. ಯಾವ ಫಂಕ್ಷನ್‌ನ ಯಾವ ಸಾಲು ಅಂತ ಕಾಣುತ್ತದೆ. ಎಲ್ಲೆಲ್ಲೂ ಪ್ರಿಂಟ್‌ಎಫ್ ಹಾಕುತ್ತಾ ಹುಡುಕುವುದಕ್ಕಿಂತ ಇದು ಎಷ್ಟೋ ಬೇಗ.

ಧಾರಣೆಯ ಪ್ರೋಗ್ರಾಮ್ ಈಗ ಹೀಪ್‌ನಲ್ಲಿ ಎಷ್ಟು ಊರು ಬೇಕಾದರೂ ಇಟ್ಟುಕೊಂಡು, ಕೊನೆಗೆ ವ್ಯಾಲ್‌ಗ್ರೈಂಡ್‌ನಲ್ಲಿ ಒಂದೂ ದೂರಿಲ್ಲದೆ ಮುಗಿಯಬೇಕು. ಅಲ್ಲಿವರೆಗೆ ಮೂರನೆಯದಕ್ಕೆ ಹೋಗಬೇಡಿ.

ಹಂತ 3: ಫೈಲ್, ಮತ್ತು ಕರೆಂಟ್ ಹೋದರೆ?

ಓಪನ್, ರೀಡ್, ರೈಟ್, ಕ್ಲೋಸ್. ಈ ನಾಲ್ಕು ಸಿಸ್ಟಮ್ ಕಾಲ್ ಸಾಕು. ಓಪನ್ ಮಾಡಿದಾಗ ಕರ್ನಲ್ ಒಂದು ಸಣ್ಣ ಸಂಖ್ಯೆ ಕೊಡುತ್ತದೆ. ಅದಕ್ಕೆ ಫೈಲ್ ಡಿಸ್ಕ್ರಿಪ್ಟರ್ ಅನ್ನುತ್ತಾರೆ. 0, 1, 2 ಮೊದಲೇ ತೆರೆದಿರುತ್ತವೆ: ಕ್ರಮವಾಗಿ ಇನ್‌ಪುಟ್, ಔಟ್‌ಪುಟ್, ಎರರ್. ಈ ಸಂಖ್ಯೆ ಚೆನ್ನಾಗಿ ಅರ್ಥವಾದರೆ ಮುಂದೆ ಪೈಪ್, ಸಾಕೆಟ್ ಎಲ್ಲ ಸುಲಭ, ಯಾಕೆಂದರೆ ಅವಕ್ಕೂ ಇದೇ ಬಗೆಯ ಸಂಖ್ಯೆ.

ಪ್ರೋಗ್ರಾಮನ್ನು ಎಸ್‌ಟ್ರೇಸ್ ಜತೆ ಓಡಿಸಿ ನೋಡಿ. ಅದು ನಿಮ್ಮ ಪ್ರೋಗ್ರಾಮ್ ಮಾಡುವ ಪ್ರತಿ ಸಿಸ್ಟಮ್ ಕಾಲನ್ನೂ ತೋರಿಸುತ್ತದೆ. ಪ್ರಿಂಟ್‌ಎಫ್ ಎಂಬ ಹೆಸರೇ ಅಲ್ಲಿ ಕಾಣುವುದಿಲ್ಲ, ರೈಟ್ ಕಾಣುತ್ತದೆ. ಅದರೊಳಗೆ "ಅ" ಇರಬೇಕಾದಲ್ಲಿ 340, 262, 205 ಅಂತ ಮೂರು ಸಂಖ್ಯೆ. ಒಂದನೇ ಹಂತದಲ್ಲಿ ಹೇಳಿದ ಮೂರು ಬೈಟ್ ಇವೇ, ಎಂಟರ ಲೆಕ್ಕದಲ್ಲಿ ಬರೆದಿರುವುದು.

ಇನ್ನು ಕರೆಂಟ್. ನಮ್ಮಲ್ಲಿ ಜೂನ್, ಜುಲೈ ತಿಂಗಳ ಗಾಳಿಮಳೆಗೆ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲಾಗದು. ಬ್ಯಾಟರಿ ಸತ್ತ ಹಳೆ ಲ್ಯಾಪ್‌ಟಾಪ್ ಆದರೆ ಪ್ರೋಗ್ರಾಮೂ ಅಲ್ಲೇ ಖಲಾಸ್. ರೈಟ್ ಯಶಸ್ವಿಯಾಯಿತು ಅಂದರೆ ಡೇಟಾ ಡಿಸ್ಕಿಗೆ ಹೋಯಿತು ಅಂತ ಅರ್ಥವಲ್ಲ. ಕರ್ನಲ್ ಅದನ್ನು ಇನ್ನೂ ಮೆಮೊರಿಯಲ್ಲೇ ಇಟ್ಟುಕೊಂಡಿರಬಹುದು. ಧಾರಣೆಯ ಫೈಲ್ ಅರ್ಧಂಬರ್ಧ ಆಗಬಾರದು ಅಂದರೆ ಹೀಗೆ ಮಾಡಿ: ಅದೇ ಫೋಲ್ಡರ್‌ನಲ್ಲಿ ಬೇರೆ ಹೆಸರಿನ ಹೊಸ ಫೈಲಿಗೆ ಪೂರ್ತಿ ಬರೆಯಿರಿ, ಎಫ್‌ಸಿಂಕ್ ಕರೆದು ಡಿಸ್ಕಿಗೆ ದೂಡಿ, ಆಮೇಲೆ ರಿನೇಮ್ ಮಾಡಿ ಹಳೆಯದರ ಜಾಗಕ್ಕೆ ತನ್ನಿ. ಆಗ ಸಿಗುವುದು ಪೂರ್ತಿ ಹಳೆಯದು ಅಥವಾ ಪೂರ್ತಿ ಹೊಸದು. ನಡುವಿನದು ಇಲ್ಲ. ಡೇಟಾಬೇಸ್ ಬರೆಯುವವರು ತಲೆಕೆಡಿಸಿಕೊಳ್ಳುವುದು ಇದೇ ಪ್ರಶ್ನೆಗೆ.

ಪ್ರತಿ ಕಾಲ್‌ನ ರಿಟರ್ನ್ ವ್ಯಾಲ್ಯೂ ನೋಡುವುದನ್ನು ಇಲ್ಲಿಂದಲೇ ಅಭ್ಯಾಸ ಮಾಡಿ. ಮೈನಸ್ 1 ಬಂದರೆ ಪಿಎರರ್ ಕರೆಯಿರಿ, ಕಾರಣ ಪ್ರಿಂಟ್ ಆಗುತ್ತದೆ.

ಹಂತ 4: ಪ್ರೊಸೆಸ್

ಡಿಸ್ಕಿನಲ್ಲಿ ಇರುವುದು ಪ್ರೋಗ್ರಾಮ್, ಓಡುತ್ತಿರುವುದು ಪ್ರೊಸೆಸ್. ಪ್ರತಿಯೊಂದಕ್ಕೂ ಪಿಐಡಿ ಎಂಬ ಸಂಖ್ಯೆ ಇರುತ್ತದೆ. ಹೊಸದನ್ನು ಹುಟ್ಟಿಸಲು ಫೋರ್ಕ್. ಇದನ್ನು ಒಂದು ಸಲ ಕರೆದರೆ ಎರಡು ಕಡೆ ಉತ್ತರ ಬರುತ್ತದೆ: ಮಗುವಿಗೆ 0, ತಾಯಿ ಪ್ರೊಸೆಸ್‌ಗೆ ಮಗುವಿನ ಪಿಐಡಿ. ಮಗುವಿನೊಳಗೆ ಬೇರೆ ಪ್ರೋಗ್ರಾಮ್ ಓಡಿಸಲು ಎಕ್ಸೆಕ್, ಮಗು ಮುಗಿಯುವವರೆಗೆ ಕಾಯಲು ವೇಟ್. ನೀವು ಟರ್ಮಿನಲ್‌ನಲ್ಲಿ ಎಲ್‌ಎಸ್ ಅಂತ ಕೊಟ್ಟಾಗ ಶೆಲ್ ಮಾಡುವುದು ಈ ಮೂರನ್ನೇ.

ಒಂದು ವೇರಿಯಬಲ್ ಇಟ್ಟು ಫೋರ್ಕ್ ಮಾಡಿ. ಮಗುವಿನಲ್ಲಿ ಅದರ ಬೆಲೆ ಬದಲಿಸಿ. ಎರಡೂ ಕಡೆ ಆ ವೇರಿಯಬಲ್‌ನ ವಿಳಾಸ ಮತ್ತು ಬೆಲೆ ಪ್ರಿಂಟ್ ಮಾಡಿ. ವಿಳಾಸ ಒಂದೇ, ಬೆಲೆ ಬೇರೆ! ಪ್ರೋಗ್ರಾಮ್‌ಗೆ ಕಾಣುವ ವಿಳಾಸ ರ್‍ಯಾಮ್‌ನ ನಿಜವಾದ ವಿಳಾಸವಲ್ಲ. ಪ್ರತಿ ಪ್ರೊಸೆಸ್‌ಗೂ ಕರ್ನಲ್ ಪ್ರತ್ಯೇಕ ಪಟ್ಟಿ ಇಟ್ಟು, ಸಾಮಾನ್ಯವಾಗಿ 4096 ಬೈಟಿನ ಪುಟಗಳ ಲೆಕ್ಕದಲ್ಲಿ, ಬೇರೆ ಬೇರೆ ಜಾಗಕ್ಕೆ ಜೋಡಿಸಿರುತ್ತದೆ. ವರ್ಚುವಲ್ ಮೆಮೊರಿ ಅನ್ನುವುದು ಇದಕ್ಕೆ. ಎರಡನೇ ಹಂತದಲ್ಲಿ ಇದನ್ನು ಹೇಳಿದ್ದರೆ ಬರೀ ಮಾತಾಗುತ್ತಿತ್ತು, ಈಗ ಕಣ್ಣೆದುರಿಗೇ ಉಂಟು.

ಎಲ್ಲರನ್ನೂ ಸುಸ್ತು ಮಾಡುವ ಒಂದು ವಿಚಿತ್ರ ಇಲ್ಲಿ ಬರುತ್ತದೆ. ಫೋರ್ಕ್‌ಗೆ ಮೊದಲು ಪ್ರಿಂಟ್‌ಎಫ್‌ನಲ್ಲಿ "ಹೊಸ ಚಾಲಿ" ಅಂತ ಪ್ರಿಂಟ್ ಮಾಡಿ, ಕೊನೆಗೆ ಹೊಸ ಸಾಲಿನ ಗುರುತು ಹಾಕಿ. ಟರ್ಮಿನಲ್‌ನಲ್ಲಿ ಒಂದು ಸಲ ಬರುತ್ತದೆ. ಅದೇ ಔಟ್‌ಪುಟನ್ನು ಫೈಲಿಗೆ ತಿರುಗಿಸಿ. ಫೈಲಿನಲ್ಲಿ ಎರಡು ಸಲ ಇರುತ್ತದೆ. ಪ್ರಿಂಟ್‌ಎಫ್ ಕೂಡಲೇ ಬರೆಯುವುದಿಲ್ಲ, ಒಂದು ಬಫರಿನಲ್ಲಿ ಕೂಡಿಡುತ್ತದೆ. ಟರ್ಮಿನಲ್ ಆದರೆ ಸಾಲು ಮುಗಿದಾಗ ಖಾಲಿ ಮಾಡುತ್ತದೆ, ಫೈಲ್ ಆದರೆ ತುಂಬುವವರೆಗೆ ಕಾಯುತ್ತದೆ. ಫೋರ್ಕ್ ಆಗುವಾಗ ಇನ್ನೂ ಖಾಲಿಯಾಗದ ಆ ಬಫರ್ ಕೂಡಾ ನಕಲಾಗುತ್ತದೆ. ಕೊನೆಗೆ ಇಬ್ಬರೂ ತಮ್ಮ ತಮ್ಮ ಪ್ರತಿ ಬರೆಯುತ್ತಾರೆ. ಫೋರ್ಕ್‌ಗೆ ಮುಂಚೆ ಎಫ್‌ಫ್ಲಶ್ ಕರೆದರೆ ಸರಿ.

ವೇಟ್ ಕರೆಯದೆ ಬಿಟ್ಟರೆ ಮುಗಿದ ಮಕ್ಕಳು ಪ್ರೊಸೆಸ್ ಪಟ್ಟಿಯಲ್ಲಿ ಉಳಿದುಕೊಳ್ಳುತ್ತವೆ. ಅವಕ್ಕೆ ಜೋಂಬಿ ಅಂತಲೇ ಹೆಸರು, ಪಿಎಸ್ ಕಮಾಂಡ್‌ನಲ್ಲಿ ದೊಡ್ಡ ಝಡ್ ಕಾಣುತ್ತದೆ. ಪೈಪ್ (ಒಂದು ಪ್ರೊಸೆಸ್ ಬರೆದದ್ದನ್ನು ಇನ್ನೊಂದು ಓದುವ ದಾರಿ) ಬಳಸುವಾಗ ಇನ್ನೊಂದು ಬಲೆ: ಬೇಡದ ತುದಿಯನ್ನು ಎರಡೂ ಪ್ರೊಸೆಸ್‌ಗಳಲ್ಲಿ ಕ್ಲೋಸ್ ಮಾಡಬೇಕು. ಬರೆಯುವ ತುದಿ ಒಂದೇ ಒಂದು ಕಡೆ ತೆರೆದಿದ್ದರೂ ಓದುವವನಿಗೆ "ಮುಗಿಯಿತು" ಅನ್ನುವುದು ಗೊತ್ತಾಗದೆ ಸುಮ್ನೆ ಕಾಯುತ್ತಾ ಕೂರುತ್ತದೆ. ಪ್ರೋಗ್ರಾಮ್ ಹ್ಯಾಂಗ್ ಆಯಿತು ಅಂತ ನನ್ನ ಹತ್ತಿರ ಬರುವವರಲ್ಲಿ ತುಂಬಾ ಮಂದಿಯದ್ದು ಇದೇ ಕಥೆ.

ಈ ಹಂತದ ಕೊನೆಗೆ ಪುಟ್ಟ ಶೆಲ್ ಒಂದನ್ನು ಬರೆಯಿರಿ. ಕಮಾಂಡ್ ಓದಿ, ಓಡಿಸಿ, ಕಾದು, ಮತ್ತೆ ಕೇಳಿದರೆ ಸಾಕು.

ಹಂತ 5: ಥ್ರೆಡ್

ಒಂದೇ ಪ್ರೊಸೆಸ್‌ನೊಳಗೆ, ಒಂದೇ ಮೆಮೊರಿ ಬಳಸಿಕೊಂಡು ಒಟ್ಟಿಗೆ ಓಡುವ ಕೆಲಸಗಳೇ ಥ್ರೆಡ್. ಎರಡು ಥ್ರೆಡ್‌ಗಳಿಂದ ಒಂದೇ ಕೌಂಟರನ್ನು ಹತ್ತು ಹತ್ತು ಲಕ್ಷ ಸಲ ಒಂದೊಂದಾಗಿ ಏರಿಸಿ, ಆಪ್ಟಿಮೈಸೇಶನ್ (ಕಂಪೈಲರ್ ಕೋಡನ್ನು ಚುರುಕು ಮಾಡುವ ಆಯ್ಕೆ) ಹಾಕದೆ. ಇಪ್ಪತ್ತು ಲಕ್ಷ ಬರಬೇಕಾದಲ್ಲಿ ಕಡಿಮೆ ಬರುತ್ತದೆ, ಪ್ರತಿ ಸಲ ಬೇರೆ ಬೇರೆ. ಒಂದು ಏರಿಸುವುದು ಅಂದರೆ ಓದು, ಕೂಡಿಸು, ಬರೆ ಅಂತ ಮೂರು ಕೆಲಸ. ನಡುವೆ ಇನ್ನೊಂದು ಥ್ರೆಡ್ ನುಗ್ಗುತ್ತದೆ. ಮ್ಯೂಟೆಕ್ಸ್ ಎಂಬ ಬೀಗ ಹಾಕಿ ಸರಿಮಾಡಿ. ಸದ್ಯಕ್ಕೆ ಇಷ್ಟು ಸಾಕು. ಥ್ರೆಡ್ ಮೇಲೆ ಮೊದಲೇ ಜಾಸ್ತಿ ಹೊತ್ತು ಕಳೆಯುವುದು ನನಗೆ ಸರಿ ಕಾಣುವುದಿಲ್ಲ. ಮೊದಲ ಸರ್ವರ್‌ಗೆ ಅದು ಬೇಕೂ ಇಲ್ಲ.

ಹಂತ 6: ನೆಟ್‌ವರ್ಕ್

ಸಾಕೆಟ್ ಅಂದರೆ ನೆಟ್‌ವರ್ಕ್ ಕಡೆಗೆ ತೆರೆದ ಫೈಲ್ ಡಿಸ್ಕ್ರಿಪ್ಟರ್. 1983ರಲ್ಲಿ ಬಂದ 4.2 ಬಿಎಸ್‌ಡಿ ಯೂನಿಕ್ಸ್‌ನಲ್ಲಿದ್ದ ಕರೆಗಳೇ ಇವತ್ತಿಗೂ ನಡೆಯುತ್ತವೆ. ಸರ್ವರ್ ಕಡೆ ಕ್ರಮ ಹೀಗೆ: ಸಾಕೆಟ್, ಬೈಂಡ್, ಲಿಸನ್, ಆಕ್ಸೆಪ್ಟ್. ಕ್ಲೈಂಟ್ ಕಡೆ: ಸಾಕೆಟ್, ಕನೆಕ್ಟ್. ಆಮೇಲೆ ಎರಡೂ ಕಡೆ ಅದೇ ರೀಡ್, ರೈಟ್.

ಮೊದಲು ಸರ್ವರ್ ಮಾತ್ರ ಬರೆಯಿರಿ. ಕ್ಲೈಂಟ್ ಆಗಿ ಎನ್‌ಸಿ ಎಂಬ ಕಮಾಂಡ್ ಬಳಸಿ, 127.0.0.1 (ಇದೇ ಯಂತ್ರದ ವಿಳಾಸ) ಮತ್ತು ಪೋರ್ಟ್ 8080 (ಯಂತ್ರದಲ್ಲಿ ನಿಮ್ಮ ಸರ್ವರ್‌ನ ಬಾಗಿಲ ನಂಬರ್) ಕೊಡಿ. "ಕುಂಬಳೆ" ಅಂತ ಟೈಪ್ ಮಾಡಿದರೆ ಅಲ್ಲಿಯ ಧಾರಣೆ ಬರಬೇಕು.

ಬರಲಿಲ್ಲವಾ? ಎಸ್‌ಎಸ್ ಕಮಾಂಡ್‌ನಲ್ಲಿ ಯಾವ ಪೋರ್ಟ್ ತೆರೆದಿದೆ ಅಂತ ನೋಡಿ. 36895 ಅಂತ ಕಂಡರೆ ನೀವು ಎಚ್‌ಟಾನ್ಸ್ (ಬೈಟ್‌ಗಳ ಕ್ರಮ ಸರಿಪಡಿಸುವ ಫಂಕ್ಷನ್) ಮರೆತಿದ್ದೀರಿ. ನೆಟ್‌ವರ್ಕ್‌ನಲ್ಲಿ ಸಂಖ್ಯೆಯ ದೊಡ್ಡ ಬೈಟ್ ಮೊದಲು ಹೋಗುತ್ತದೆ, ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಸಣ್ಣದು ಮೊದಲು. ಎರಡು ಬೈಟ್ ಅದಲು ಬದಲಾದರೆ 8080 ಹೋಗಿ 36895 ಆಗುತ್ತದೆ. ಸರ್ವರ್ ನಿಲ್ಲಿಸಿ ಕೂಡಲೇ ಶುರು ಮಾಡಿದಾಗ "ಅಡ್ರೆಸ್ ಆಲ್ರೆಡಿ ಇನ್ ಯೂಸ್" ಬಂದರೆ, ಬೈಂಡ್‌ಗೆ ಮೊದಲು ರೀಯೂಸ್ ಅಡ್ರೆಸ್ ಎಂಬ ಸಾಕೆಟ್ ಆಯ್ಕೆ ಹಾಕಿ. 1024ಕ್ಕಿಂತ ಕೆಳಗಿನ ಪೋರ್ಟ್‌ಗಳಿಗೆ ರೂಟ್ ಅಧಿಕಾರ ಬೇಕು, ಆ ಕಡೆ ಹೋಗಬೇಡಿ.

ಇನ್ನು ಮುಖ್ಯ ವಿಷಯ. ಟಿಸಿಪಿ (ಈ ಸಾಕೆಟ್‌ಗಳು ಮಾತಾಡುವ ನಿಯಮ) ಸಂದೇಶಗಳನ್ನು ಕಳಿಸುವುದಿಲ್ಲ, ಬೈಟ್‌ಗಳನ್ನು ಹರಿಸುತ್ತದೆ. ಸುರಂಗದ ನೀರಿಗೆ ಹಾಕಿದ ಪೈಪಿನ ಒಂದು ತುದಿಗೆ ಎರಡು ಕೊಡ ಹೊಯ್ದರೆ, ಆ ತುದಿಯಲ್ಲಿ ಎರಡು ಕೊಡ ಅಂತ ಬೇರೆಯಾಗಿ ಬೀಳುತ್ತದಾ? ಹಾಗೆಯೇ ಇದು. ನೀವು ಎರಡು ಸಲ ರೈಟ್ ಮಾಡಿದ್ದು ಆ ಕಡೆ ಒಂದೇ ರೀಡ್‌ನಲ್ಲಿ ಬರಬಹುದು, ಒಂದು ರೈಟ್ ಮಾಡಿದ್ದು ಮೂರು ರೀಡ್‌ಗಳಲ್ಲಿ ಬರಬಹುದು. ಒಂದೇ ಯಂತ್ರದಲ್ಲಿ ಸಣ್ಣ ಸಂದೇಶ ಕಳಿಸುವಾಗ ಇದು ಗೊತ್ತೇ ಆಗುವುದಿಲ್ಲ. ಎಲ್ಲ ಸರಿ ಉಂಟು ಅಂತ ಅನಿಸುತ್ತದೆ.

ಕನ್ನಡದಲ್ಲಿ ಮಾತ್ರ ಬೇಗ ಸಿಕ್ಕಿಬೀಳುತ್ತದೆ! ಎಲ್ಲ ಊರುಗಳ ಪಟ್ಟಿ ಕಳಿಸಿ, ಆ ಕಡೆ 1024 ಬೈಟಿನ ಬಫರಿನಲ್ಲಿ ಓದಿ, ಬಂದಷ್ಟನ್ನು ಒಂದೊಂದು ತುಂಡಾಗಿ ತೋರಿಸಿ. 1024 ಮೂರರಿಂದ ಭಾಗವಾಗುವುದಿಲ್ಲ. ಬರೀ ಕನ್ನಡ ಅಕ್ಷರಗಳೇ ಆದರೆ 341 ಸಂಕೇತ ಮುಗಿದು ಮುಂದಿನದರ ಒಂದು ಬೈಟ್ ಮಾತ್ರ ಈ ತುಂಡಿನಲ್ಲಿರುತ್ತದೆ. ಅಲ್ಲಿ ಅಕ್ಷರದ ಬದಲು ಪ್ರಶ್ನೆ ಚಿಹ್ನೆಯೋ ಡಬ್ಬಿಯೋ ಕಾಣುತ್ತದೆ. "ಫಾಂಟ್ ಸಮಸ್ಯೆ" ಅಂತ ಫಾಂಟ್ ಹುಡುಕಲು ಹೋಗಬೇಡಿ. ಸಂದೇಶ ಎಲ್ಲಿ ಮುಗಿಯುತ್ತದೆ ಅಂತ ನೀವೇ ನಿಯಮ ಮಾಡಬೇಕು: ಪ್ರತಿ ಉತ್ತರದ ಕೊನೆಗೆ ಹೊಸ ಸಾಲು, ಅಥವಾ ಮೊದಲು ಉದ್ದ ಕಳಿಸಿ ಆಮೇಲೆ ಅಷ್ಟು ಬೈಟ್. ಓದುವವರು ಅದು ಪೂರ್ತಿ ಬರುವವರೆಗೆ ಲೂಪ್‌ನಲ್ಲಿ ಓದುತ್ತಾ ಕೂಡಿಸಿಕೊಳ್ಳಬೇಕು. ರೈಟ್‌ಗೂ ಲೂಪ್ ಬೇಕು, ಕೊಟ್ಟದ್ದರಲ್ಲಿ ಅರ್ಧ ಮಾತ್ರ ಹೋಗಿರಬಹುದು.

ಕ್ಲೈಂಟ್ ನಡುವೆ ಎದ್ದು ಹೋದರೆ ಸರ್ವರ್ ಒಂದು ಮಾತೂ ಹೇಳದೆ ಸಾಯುತ್ತದೆ ಅಂತ ಕೆಲವರ ದೂರು. ಆ ಕಡೆ ಮುಚ್ಚಿದ ಸಾಕೆಟ್‌ಗೆ ಬರೆದಾಗ ಕರ್ನಲ್ ಸಿಗ್‌ಪೈಪ್ ಎಂಬ ಸಿಗ್ನಲ್ ಕಳಿಸುತ್ತದೆ, ಅದರ ಸಹಜ ಪರಿಣಾಮ ಸಾವು. ಆ ಸಿಗ್ನಲನ್ನು ಇಗ್ನೋರ್ ಮಾಡಿ, ರೈಟ್ ಕೊಡುವ ಎರರ್ ನೋಡಿಕೊಳ್ಳಿ.

ಕೊನೆಗೆ ಫೋನಿನಿಂದ ಕನೆಕ್ಟ್ ಮಾಡಿ. 127.0.0.1ಕ್ಕೆ ಬೈಂಡ್ ಮಾಡಿದ್ದರೆ ಹೊರಗಿನವರಿಗೆ ಸಿಗುವುದಿಲ್ಲ, 0.0.0.0 (ಯಂತ್ರದ ಎಲ್ಲ ವಿಳಾಸಗಳು ಅಂತ ಅರ್ಥ) ಬೇಕು. ಫೋನೂ ಲ್ಯಾಪ್‌ಟಾಪೂ ಒಂದೇ ವೈಫೈನಲ್ಲಿರಲಿ. ಡಬ್ಲ್ಯುಎಸ್ಎಲ್ ಬಳಸುವವರಿಗೆ ತೊಂದರೆ ಬರುವುದು ಇಲ್ಲೇ. ಅದರ ಎರಡನೇ ಆವೃತ್ತಿ ವಿಂಡೋಸ್‌ನ ಹಿಂದೆ ಬೇರೆ ನೆಟ್‌ವರ್ಕ್‌ನಲ್ಲಿ ಕೂತಿರುತ್ತದೆ, ಫೋನಿಗೆ ನೇರ ಸಿಗುವುದಿಲ್ಲ. ಪೆನ್‌ಡ್ರೈವ್‌ನಿಂದ ಉಬುಂಟು ಬೂಟ್ ಮಾಡುವುದು ಸುಲಭದ ದಾರಿ. ಮಂಗಳೂರಿನಲ್ಲಿರುವ ಗೆಳೆಯನಿಗೆ ನಿಮ್ಮ 192.168ರಿಂದ ಶುರುವಾಗುವ ವಿಳಾಸ ಕೊಟ್ಟರೂ ಪ್ರಯೋಜನವಿಲ್ಲ, ಅದು ಮನೆಯೊಳಗಿನ ವಿಳಾಸ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿದ್ದರಂತೂ ಹೊರಗಿನಿಂದ ಒಳಗೆ ಬರುವುದು ಹೆಚ್ಚಾಗಿ ಆಗುವುದೇ ಇಲ್ಲ.

ಇದರ ನಂತರ?

ಒಟ್ಟಿಗೆ ನೂರಾರು ಕ್ಲೈಂಟ್‌ಗಳನ್ನು ನೋಡಿಕೊಳ್ಳಲು ಪೋಲ್, ಈಪೋಲ್ ಎಂಬ ಸಿಸ್ಟಮ್ ಕಾಲ್‌ಗಳನ್ನು ಕಲಿಯಿರಿ. ಕರ್ನಲ್‌ನ ಒಳಗೇ ಇಣುಕಬೇಕು ಅಂತಿದ್ದರೆ ಎಂಐಟಿಯವರು ಪಾಠಕ್ಕೋಸ್ಕರ ಮಾಡಿದ ಎಕ್ಸ್‌ವಿ6 ಎಂಬ ಆಪರೇಟಿಂಗ್ ಸಿಸ್ಟಮ್ ಉಂಟು, ಪೂರ್ತಿ ಓದಬಹುದಾದಷ್ಟು ಚಿಕ್ಕದು. ರಸ್ಟ್‌ನಿಂದಲೇ ಶುರು ಮಾಡಬಹುದಾ ಅಂತ ಈಚೆಗೆ ಜಾಸ್ತಿ ಜನ ಕೇಳುತ್ತಾರೆ. 2015ರಲ್ಲಿ 1.0 ಬಂದ ಆ ಭಾಷೆ ಎರಡನೇ ಹಂತದ ತಪ್ಪುಗಳಲ್ಲಿ ಹೆಚ್ಚಿನವನ್ನು ಕಂಪೈಲ್ ಮಾಡುವಾಗಲೇ ತಡೆಯುತ್ತದೆ. ಆದರೆ ಆ ತಪ್ಪು ಯಾವುದು ಅಂತ ಗೊತ್ತಿಲ್ಲದವರಿಗೆ ಅದರ ನಿಯಮಗಳು ಬರೀ ಕಿರಿಕಿರಿ. ಎರಡನೇ ಹಂತ ಮುಗಿಸಿ ಆಮೇಲೆ ಹೋಗಿ.

ಸಿಕ್ಕಿಕೊಂಡಾಗ ಯಾರಲ್ಲಾದರೂ ಕೇಳುವುದಿದ್ದರೆ ಕನ್ನಡದಲ್ಲೇ ಕೇಳಿ, ಅದಕ್ಕೆ ಸಂಕೋಚ ಬೇಡ. ಪರದೆಯ ಫೋಟೋ ಮಾತ್ರ ಕಳಿಸಬೇಡಿ. ಕೋಡನ್ನು ಟೆಕ್ಸ್ಟ್ ಆಗಿ ಕಳಿಸಿ, ಜತೆಗೆ ಕಂಪೈಲ್ ಮಾಡಿದ ಕಮಾಂಡ್, ಎರರ್‌ನ ಪೂರ್ತಿ ಸಾಲು, ಎಸ್‌ಟ್ರೇಸ್‌ನ ಕೊನೆಯ ಹತ್ತು ಸಾಲು.